ಹೊರಗಿನವರು ಜಾಸ್ತಿ ಆದರೆ ‘ಬಿಟ್ಟು ಹೋಗೋಣ’ ಅನ್ನೋ ಓಟು ಗೆಲ್ಲುತ್ತಾ?

ಪ್ರಶ್ನೆ: ಮೇಡಂ, ಕೊಡಗಿನ ಸಿದ್ದಾಪುರದ ಹತ್ತಿರ ನನ್ನದು 14 ಎಕರೆ ರೊಬಸ್ಟಾ ತೋಟ. ಮೊದಲು ಕುಯ್ಲಿಗೆ ಯರವರು, ತಮಿಳರು ಬರುತ್ತಿದ್ದರು. ಈಗ ಲೈನ್ ಮನೆ ತುಂಬ ಅಸ್ಸಾಂ, ಬಂಗಾಳದವರು. ಅವರಿಲ್ಲದೆ ಹಣ್ಣು ಕುಯ್ಯೋಕಾಗಲ್ಲ, ಒಪ್ಪುತ್ತೇನೆ. ಆದರೆ ಸಂತೆ ದಿನ ಪೇಟೆಗೆ ಹೋದರೆ ಗುರುತಿನ ಮುಖವೇ ಸಿಗಲ್ಲ. ನನ್ನ ಅಕ್ಕನ ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾನೆ. 2016ರಲ್ಲಿ ಬ್ರೆಕ್ಸಿಟ್ ಪರ, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಲಿ ಅಂತ, ಓಟು ಹಾಕಿದನಂತೆ. ವಲಸೆ ಹೋದವನೇ ವಲಸೆ ಬೇಡ ಅಂತ ಓಟು ಹಾಕೋದಾ? ಹೊರಗಿನವರು ಹೆಚ್ಚಿದ ಕಡೆಯೆಲ್ಲ ‘ಬಿಟ್ಟು ಹೋಗೋಣ’ ಗೆದ್ದಿತು, ಕೊಡಗಿನಲ್ಲಿ ಕರ್ನಾಟಕ ಬಿಡುವ ಬಗ್ಗೆ ಓಟು ಇಟ್ಟರೂ ಹಾಗೇ ಆಗುತ್ತೆ ಅನ್ನುತ್ತಾನೆ. ಮುಂದಿನ ತಿಂಗಳು ನಮ್ಮ ಬೆಳೆಗಾರರ ಸಭೆಯಲ್ಲಿ ಪ್ರತ್ಯೇಕ ರಾಜ್ಯ ಕೇಳುವ ನಿರ್ಣಯ ಬರುತ್ತಿದೆ. ಕೈ ಎತ್ತಲೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ: ಮೊದಲು ನಿಮ್ಮ ಸೋದರಳಿಯನ ವಿಷಯ ಮುಗಿಸಿಬಿಡೋಣ. ಅವನು ಮಾಡಿದ್ದರಲ್ಲಿ ವಿಚಿತ್ರ ಏನೂ ಇಲ್ಲ. ಬ್ರಿಟನ್ನಿನಲ್ಲಿ ವಾಸವಿದ್ದ ಭಾರತ, ನೈಜೀರಿಯಾದಂಥ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ 2016ರ ಜೂನ್ 23ರ ಓಟಿನಲ್ಲಿ ಹಕ್ಕಿತ್ತು. ಅದೇ ಬೀದಿಯಲ್ಲಿ ಹತ್ತು ವರ್ಷದಿಂದ ಬಾಡಿಗೆಗಿದ್ದ ಪೋಲೆಂಡಿನವರಿಗೆ ಇರಲಿಲ್ಲ. ಮತದಾರರನ್ನು ಮಾತಾಡಿಸಿದ ಒಂದು ದೊಡ್ಡ ಸಮೀಕ್ಷೆಯಲ್ಲಿ ಏಷ್ಯಾ ಮೂಲದವರ ಪೈಕಿ ಸುಮಾರು ಮೂರರಲ್ಲಿ ಒಬ್ಬರು ‘ಬಿಡೋಣ’ ಎಂದಿದ್ದರು.

ಕಾರಣವೂ ಅರ್ಥವಾಗುವಂಥದ್ದೇ. 2012ರಿಂದ ಬ್ರಿಟನ್ನಿನಲ್ಲಿ ಒಂದು ನಿಯಮ ಬಂತು. ಹೊರದೇಶದಿಂದ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಸಂಪಾದನೆ ತೋರಿಸಬೇಕಿತ್ತು. ಒಕ್ಕೂಟದ ದೇಶವಾದ ಪೋಲೆಂಡಿನವರಿಗೆ ಆಗ ಈ ತಾಪತ್ರಯ ಇರಲಿಲ್ಲ, ಬಸ್ ಹತ್ತಿ ಬಂದು ಕೆಲಸಕ್ಕೆ ಸೇರಬಹುದಿತ್ತು. ‘ಅವರಿಗೆ ಬಾಗಿಲು ತೆರೆದಿದೆ, ನಮ್ಮವರು ಮಾತ್ರ ವೀಸಾಕ್ಕೆ ಕಾಯಬೇಕು’ ಅನ್ನೋ ಸಿಟ್ಟು ಅಲ್ಲಿನ ಭಾರತೀಯರಲ್ಲಿ, ಬಾಂಗ್ಲಾದೇಶದವರಲ್ಲಿ ಸಾಕಷ್ಟಿತ್ತು. ಯುರೋಪಿನವರು ಕಡಿಮೆಯಾದರೆ ನಿಮ್ಮೂರಿನ ಅಡುಗೆಯವರನ್ನು ಸುಲಭವಾಗಿ ಕರೆಸಿಕೊಳ್ಳಬಹುದು ಎಂದು ‘ಬಿಡೋಣ’ ಕಡೆಯವರು ಕರಿ ಹೋಟೆಲಿನ ಮಾಲೀಕರಿಗೆ ಆಸೆ ತೋರಿಸಿದ್ದರು. ಹಾಗಾಗಿ ನಿಮ್ಮ ಸೋದರಳಿಯ ಓಟು ಹಾಕಿದ್ದು ವಲಸೆಯ ವಿರುದ್ಧ ಅಂತಲೇ ಹೇಳೋಕಾಗಲ್ಲ. ಸರದಿಯಲ್ಲಿ ತನ್ನವರು ಹಿಂದೆ ಬಿದ್ದಿದ್ದರ ವಿರುದ್ಧ ಇರಬಹುದು. ಕೇಳಿ ನೋಡಿ.

ಆದರೆ ಅವನ ಎರಡನೇ ಮಾತು ತಪ್ಪು. ಒಟ್ಟು ಲೆಕ್ಕದಲ್ಲಿ ‘ಬಿಡೋಣ’ಕ್ಕೆ ಶೇ 51.9, ‘ಉಳಿಯೋಣ’ಕ್ಕೆ ಶೇ 48.1. ಹೊರದೇಶದಲ್ಲಿ ಹುಟ್ಟಿದವರು ಎಲ್ಲಕ್ಕಿಂತ ಜಾಸ್ತಿ ಇರುವುದು ಲಂಡನ್‌ನಲ್ಲಿ. ಅಲ್ಲಿ ಸುಮಾರು ಶೇ 60 ಜನ ‘ಉಳಿಯೋಣ’ ಎಂದರು. ಅವನಿರುವ ಲೆಸ್ಟರ್‌ನಲ್ಲೂ ಕೂದಲೆಳೆಯಲ್ಲಿ ‘ಉಳಿಯೋಣ’ವೇ ಗೆದ್ದಿತು. ವೇಲ್ಸ್‌ನ ಬ್ಲೈನೌ ಗ್ವೆಂಟ್ ಎಂಬ ಹಳೇ ಉಕ್ಕು, ಕಲ್ಲಿದ್ದಲಿನ ಸೀಮೆಯಲ್ಲಿ ಹೊರದೇಶದವರು ಬೆರಳೆಣಿಕೆಯಷ್ಟು. ಐರೋಪ್ಯ ಒಕ್ಕೂಟದ ದುಡ್ಡಿನಿಂದ ರಸ್ತೆ, ಕಾಲೇಜು ಎಲ್ಲ ಆಗಿತ್ತು. ಅಲ್ಲಿ ಶೇ 62 ಜನ ‘ಬಿಡೋಣ’ ಎಂದರು.

ಹಾಗಾದರೆ ವಲಸೆಗೂ ಓಟಿಗೂ ಸಂಬಂಧವೇ ಇಲ್ಲವೇ? ಇದೆ. ಎಷ್ಟು ಜನ ಇದ್ದಾರೆ ಅನ್ನೋದಕ್ಕಿಂತ, ಎಷ್ಟು ಬೇಗ ಬಂದರು ಅನ್ನೋದು ಮುಖ್ಯವಾಗುತ್ತೆ. ಇದನ್ನು ನೋಡಬೇಕಾದರೆ ಲಿಂಕನ್‌ಶೈರ್‌ನ ಬಾಸ್ಟನ್‌ಗೆ ಹೋಗಬೇಕು. ಇಡೀ ದೇಶದಲ್ಲೇ ‘ಬಿಡೋಣ’ಕ್ಕೆ ಅತಿ ಹೆಚ್ಚು ಓಟು ಬಿದ್ದದ್ದು ಅಲ್ಲಿ, ಶೇ 75.6.

ಬಾಸ್ಟನ್ ಕಥೆ ಓದಿದರೆ ನಿಮಗೆ ನಿಮ್ಮೂರೇ ನೆನಪಾದೀತು. ಸುತ್ತ ಸಪಾಟು ಹೊಲ. ಎಲೆಕೋಸು, ಹೂಕೋಸು, ಆಲೂಗಡ್ಡೆ. ಬೆಳಕು ಹರಿಯುವ ಮೊದಲೇ ವ್ಯಾನು ಬಂದು ಆಳುಗಳನ್ನು ತುಂಬಿಕೊಂಡು ಹೊಲಕ್ಕೋ ತರಕಾರಿ ಪ್ಯಾಕ್ ಮಾಡುವ ಶೆಡ್ಡಿಗೋ ಬಿಡುತ್ತದೆ. ವ್ಯಾನಿನ ಯಜಮಾನ ನಮ್ಮ ಮೇಸ್ತ್ರಿಯಂಥವನೇ. ಆಳು ಒದಗಿಸುವುದು ಅವನೇ, ಕೂಲಿಯಲ್ಲಿ ಹಿಡಿದುಕೊಳ್ಳುವುದೂ ಅವನೇ, ಎಷ್ಟೋ ಸಲ ಉಳಿಯೋಕೆ ರೂಮೂ ಅವನದೇ. 2004ರಲ್ಲಿ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಸೇರಿ ಹತ್ತು ದೇಶಗಳು ಒಕ್ಕೂಟ ಸೇರಿದವು. ಅಲ್ಲಿನ ಕೆಲಸಗಾರರಿಗೆ ಮೊದಲ ದಿನದಿಂದಲೇ ಬಾಗಿಲು ತೆರೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ಜರ್ಮನಿ 2011ರವರೆಗೆ ತಡೆದಿತ್ತು. ಅಲ್ಲಿಗೆ ಹೋಗಬಹುದಾದವರೂ ಬ್ರಿಟನ್‌ಗೆ ಬಂದರು. 2001ರಿಂದ 2011ರ ಒಳಗೆ ಬಾಸ್ಟನ್‌ನ ಜನಸಂಖ್ಯೆ ಸುಮಾರು 56 ಸಾವಿರದಿಂದ 65 ಸಾವಿರ ಮುಟ್ಟಿತು. ಹತ್ತರಲ್ಲಿ ಒಬ್ಬರು ಹೊಸದಾಗಿ ಒಕ್ಕೂಟ ಸೇರಿದ ದೇಶಗಳವರು. ವೆಸ್ಟ್ ಸ್ಟ್ರೀಟ್ ಎಂಬ ಬೀದಿಯ ಅಂಗಡಿ ಬೋರ್ಡುಗಳು ಪೋಲಿಷ್, ಲಿಥುವೇನಿಯನ್ ಆದವು.

ಲಂಡನ್‌ನಲ್ಲಿ ಇದೇ ಬದಲಾವಣೆ ಐವತ್ತು ವರ್ಷ ಹಿಡಿದಿತ್ತು. ಅಲ್ಲಿನ ಶಾಲೆ, ಆಸ್ಪತ್ರೆ, ಬಸ್ಸು ಜನದ ಜತೆಗೇ ಬೆಳೆದವು. ಬಾಸ್ಟನ್‌ನಲ್ಲಿ ಡಾಕ್ಟರ ಹತ್ತಿರ ಸಾಲು ಉದ್ದವಾಯಿತು, ಒಂದೊಂದು ಮನೆಯಲ್ಲಿ ಹತ್ತು ಜನ ಸೇರಿಕೊಂಡರು, ಬಾಡಿಗೆ ಏರಿತು. ಹೆಚ್ಚುವರಿ ದುಡ್ಡು ಮಾತ್ರ ಬರಲಿಲ್ಲ. ಎಲೆಕೋಸಿನ ಲಾಭ ಸೂಪರ್ ಮಾರ್ಕೆಟ್ಟಿಗೆ, ಇಕ್ಕಟ್ಟು ಊರಿಗೆ. ‘ನಮ್ಮನ್ನು ಒಂದು ಮಾತು ಕೇಳಿದರಾ?’ ಅಂತ ಅಲ್ಲಿನವರು ಕೇಳಿದರೆ ತಪ್ಪೆನ್ನಲಾರೆ.

ನನ್ನ ಲೆಕ್ಕದಲ್ಲಿ ಇಂಥ ಓಟುಗಳ ತಿರುಳು ಇರುವುದು ಈ ಪ್ರಶ್ನೆಯಲ್ಲೇ. ಜನ ‘ವಲಸೆ’ ಅಂದಾಗ ಮನಸ್ಸಿನಲ್ಲಿ ಇರುವುದು ಎಷ್ಟೋ ಸಲ ‘ನಮ್ಮೂರಿನ ವಿಷಯ ಯಾರು ತೀರ್ಮಾನ ಮಾಡುತ್ತಾರೆ’ ಅನ್ನೋದು. ಅದಕ್ಕೇ ವಲಸಿಗರೇ ಇಲ್ಲದ ಬ್ಲೈನೌ ಗ್ವೆಂಟ್ ಕೂಡ ಬಾಸ್ಟನ್ ಜತೆ ನಿಂತಿತು. ಅಲ್ಲಿ ಎಬ್ಬು ವೇಲ್‌ನ ಉಕ್ಕಿನ ಕಾರ್ಖಾನೆ 2002ರಲ್ಲಿ ಮುಚ್ಚಿತ್ತು. ಹುಡುಗರು ಊರು ಬಿಟ್ಟಿದ್ದರು. ಊರಿಗೆ ಬಂದವರಷ್ಟೇ, ಊರಿಂದ ಹೋದವರೂ ಓಟನ್ನು ಅಲುಗಾಡಿಸುತ್ತಾರೆ. ಸಂತೆಯಲ್ಲಿ ಗುರುತಿನ ಮುಖ ಸಿಗಲ್ಲ ಅಂದಿರಲ್ಲ, ನಿಮ್ಮ ಜತೆ ಓದಿದವರ ಮಕ್ಕಳು ಈಗ ಎಲ್ಲಿದ್ದಾರೆ? ಬೆಂಗಳೂರು, ಮೈಸೂರು, ದುಬೈ, ಲೆಸ್ಟರ್. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561. ಹತ್ತು ವರ್ಷದ ನಂತರ 5,54,519. ಹೆಚ್ಚಿದ್ದು ಶೇ 1ರಷ್ಟು ಮಾತ್ರ. ಊರು ತುಂಬಿ ತುಳುಕುತ್ತಿದೆ ಅಂತ ಈ ಅಂಕಿ ಹೇಳೋದಿಲ್ಲ.

ಇನ್ನು ಪ್ರಾದೇಶಿಕ ಹಿತಾಸಕ್ತಿ. ಇದನ್ನು ಜನ ಸರಳವಾಗಿ ‘ಜೇಬು ನೋಡಿ ಓಟು’ ಅಂದುಕೊಳ್ಳುತ್ತಾರೆ. ಅಷ್ಟು ಸರಳ ಅಲ್ಲ. ಸಂಡರ್‌ಲ್ಯಾಂಡ್‌ನಲ್ಲಿ ನಿಸ್ಸಾನ್ ಕಾರಿನ ಕಾರ್ಖಾನೆ ಇದೆ, ಅಲ್ಲಿನ ಕಾರುಗಳಿಗೆ ಯುರೋಪು ದೊಡ್ಡ ಮಾರುಕಟ್ಟೆ. ಆದರೂ ಶೇ 61 ಜನ ‘ಬಿಡೋಣ’ ಎಂದರು. ಸ್ಪೇನ್ ಗಡಿಗೆ ಅಂಟಿಕೊಂಡ ಜಿಬ್ರಾಲ್ಟರ್‌ನಲ್ಲಿ ಶೇ 96ರಷ್ಟು ‘ಉಳಿಯೋಣ’. ಅಲ್ಲಿ ಗಡಿ ಮುಚ್ಚಿದರೆ ಮರುದಿನವೇ ಬಿಸಿ ತಟ್ಟುತ್ತದೆ. ಉತ್ತರ ಐರ್ಲೆಂಡ್‌ನಲ್ಲೂ ಗಡಿಯ ಭಯವೇ ದೊಡ್ಡದಾಗಿತ್ತು, ಶೇ 55.8 ‘ಉಳಿಯೋಣ’. ನಷ್ಟ ಕಣ್ಣೆದುರಿಗೆ ಕಂಡರೆ ಜನ ಹುಷಾರಾಗುತ್ತಾರೆ. ತಜ್ಞರು ಲೆಕ್ಕ ಹಾಕಿ ಹೇಳಿದರೆ ಅಷ್ಟಾಗಿ ಕಿವಿಗೊಡಲ್ಲ. ನಾನೂ ಅದೇ ಕಸುಬಿನವಳು, ಹಾಗಾಗಿ ಇದನ್ನು ಬೇಸರದಿಂದಲೇ ಬರೆಯುತ್ತಿದ್ದೇನೆ.

ಸ್ಕಾಟ್ಲೆಂಡ್‌ನದು ಬೇರೆಯೇ ಲೆಕ್ಕ. 2014ರಲ್ಲಿ ಬ್ರಿಟನ್ ಬಿಡಬೇಕೇ ಎಂದು ಕೇಳಿದಾಗ ಶೇ 55.3 ಜನ ‘ಬೇಡ’ ಎಂದರು. ಎರಡು ವರ್ಷದ ನಂತರ ಯುರೋಪಿನಲ್ಲಿ ಉಳಿಯಲು ಶೇ 62 ಜನ ‘ಹೌದು’. ಅಲ್ಲಿನ 32 ಆಡಳಿತ ಪ್ರದೇಶಗಳಲ್ಲಿ ಒಂದೂ ‘ಬಿಡೋಣ’ ಎನ್ನಲಿಲ್ಲ. ಅಲ್ಲಿನ ಸರ್ಕಾರಕ್ಕೆ ಜನ ಕಡಿಮೆಯಾಗುವ ಚಿಂತೆ, ವಲಸಿಗರು ಬೇಕಿತ್ತು. ಅಂದರೆ ಒಂದೇ ದೇಶದ ಎರಡು ಭಾಗಕ್ಕೆ ಅದೇ ವಲಸೆ ಒಂದು ಕಡೆ ಹೊರೆ, ಇನ್ನೊಂದು ಕಡೆ ಆಸರೆ.

ಬಿಟ್ಟ ಮೇಲೆ ಏನಾಯಿತು ಅನ್ನೋದನ್ನು ನಿಮ್ಮ ಸಭೆಯಲ್ಲಿ ಯಾರೂ ಹೇಳಲಿಕ್ಕಿಲ್ಲ, ನೀವೇ ಹೇಳಿ. ಯುರೋಪಿನಿಂದ ಬರುವವರು ಕಡಿಮೆಯಾದರು. ಎಲೆಕೋಸು ಮಾತ್ರ ಕುಯ್ಯಲೇಬೇಕಲ್ಲ! 2019ರಲ್ಲಿ 2,500 ಜನರಿಗೆಂದು ಶುರುವಾದ ಹಂಗಾಮಿನ ಕೃಷಿ ವೀಸಾ 2023ಕ್ಕೆ 45,000 ಮುಟ್ಟಿತು. ನೇಪಾಳ, ಇಂಡೋನೇಷ್ಯಾ, ಕಿರ್ಗಿಸ್ತಾನದವರು ಬಂದರು. 2023ರ ಜೂನ್‌ವರೆಗಿನ ಒಂದು ವರ್ಷದಲ್ಲಿ ಬ್ರಿಟನ್‌ಗೆ ಬಂದವರಿಂದ ಹೋದವರನ್ನು ಕಳೆದರೂ 9 ಲಕ್ಷ ದಾಟಿತ್ತು. ಓಟಿನ ಹಿಂದಿನ ವರ್ಷ ಇದು ಸುಮಾರು 3 ಲಕ್ಷ 30 ಸಾವಿರ. ಆಳು ಎಲ್ಲಿಂದ ಬರುತ್ತಾನೆ ಅನ್ನೋದು ಬದಲಾಯಿತು. ಆಳು ಬೇಕು ಅನ್ನೋದು ಬದಲಾಗಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಭಾರತ ಬಿಡುವ ಮಾತು ನಿಮ್ಮ ಸಭೆಯಲ್ಲಿ ಇಲ್ಲ, ಅದು ಸ್ಪಷ್ಟವಿರಲಿ. ಕೊಡವ ನ್ಯಾಷನಲ್ ಕೌನ್ಸಿಲ್‌ನ ಎನ್.ಯು. ನಾಚಪ್ಪ ಅವರು ಕೇಳುತ್ತಿರುವುದೂ ಸಂವಿಧಾನದೊಳಗಿನ ಸ್ವಾಯತ್ತತೆಯನ್ನೇ. ನಮ್ಮಲ್ಲಿ ರಾಜ್ಯ ಮಾಡುವುದು, ಒಡೆಯುವುದು, ಸೇರಿಸುವುದು 3ನೇ ವಿಧಿಯ ಪ್ರಕಾರ ಸಂಸತ್ತಿನ ಕೆಲಸ. ವಿಧಾನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. ಜನರ ಓಟು ಕೇಳಬೇಕೆಂದೂ ಇಲ್ಲ.

ಕೊಡಗನ್ನು ಕೇಳಲೂ ಇಲ್ಲ. ಆಗ ಅದು ಬೇರೆಯೇ ರಾಜ್ಯ, 1952ರ ಚುನಾವಣೆಯಲ್ಲಿ ಮೈಸೂರಿನ ಜತೆ ವಿಲೀನದ ಪ್ರಶ್ನೆಯೇ ಮುಂದಿತ್ತು. ಸಿ.ಎಂ. ಪೂಣಚ್ಚ ಅವರ ಕಾಂಗ್ರೆಸ್‌ಗೆ 24ರಲ್ಲಿ 15 ಸ್ಥಾನ. ವಿಲೀನ ಬೇಡ ಎಂದ ಪಂದ್ಯಂಡ ಬೆಳ್ಯಪ್ಪ ಅವರ ತಕ್ಕಡಿ ಗುರುತಿನ ಗುಂಪಿಗೆ 9. ನಿಮ್ಮ ಮನೆಯ ಹಿರಿಯರು ಇದನ್ನು ಕಥೆ ಕಥೆಯಾಗಿ ಹೇಳಿರಬೇಕು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯ ಸೇರಿತು. ನೇರ ಓಟು ಇಟ್ಟಿದ್ದರೆ ಏನಾಗುತ್ತಿತ್ತು ಅನ್ನೋದು ಬರೀ ಊಹೆ.

ಗೋವಾಕ್ಕೆ ಆ ಅವಕಾಶ ಸಿಕ್ಕಿತು. 1967ರ ಜನವರಿ 16. ಮಹಾರಾಷ್ಟ್ರ ಸೇರಬೇಕಾದರೆ ಹೂವಿನ ಗುರುತು, ಬೇರೆಯೇ ಉಳಿಯಬೇಕಾದರೆ ಎರಡೆಲೆ. ಎರಡೆಲೆ 34 ಸಾವಿರ ಓಟಿನಲ್ಲಿ ಗೆದ್ದಿತು. ಪೋರ್ಚುಗೀಸರು ಹೋದ ಮೇಲೆ ಹೊರಗಿನಿಂದ ಎರವಲು ಸೇವೆಗೆ ಬಂದ ಅಧಿಕಾರಿಗಳು ಕಚೇರಿಗಳಲ್ಲಿ ಕೂತಿದ್ದರು. ಸೇರಿದರೆ ಕೆಲಸವೆಲ್ಲ ಅವರಿಗೇ ಅನ್ನೋ ಅಳುಕಿತ್ತು. ಕೊಂಕಣಿಯ ಪ್ರಶ್ನೆ ಇತ್ತು. ಮಹಾರಾಷ್ಟ್ರದಲ್ಲಿ ಪಾನನಿರೋಧ ಇತ್ತು, ಫೆನಿ ಇಳಿಸುವವರಿಗೆ ಅದೂ ಸಣ್ಣ ವಿಷಯ ಅಲ್ಲ! ತಮಾಷೆ ಏನಂದರೆ, ವಿಲೀನ ಬೇಕೆಂದು ಸೋತ ದಯಾನಂದ ಬಾಂದೋಡ್ಕರ್ ಅವರನ್ನೇ ಕೆಲವೇ ವಾರಗಳ ನಂತರ ಅದೇ ಜನ ಮತ್ತೆ ಮುಖ್ಯಮಂತ್ರಿ ಮಾಡಿದರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1933ರಲ್ಲಿ ಇದು ತಲೆಕೆಳಗಾಗಿ ನಡೆದಿತ್ತು. ಗೋಧಿ ಬೆಳೆದು ರಫ್ತು ಮಾಡುತ್ತಿದ್ದ ರೈತರಿಗೆ ಪೂರ್ವದ ಕಾರ್ಖಾನೆಗಳ ದುಬಾರಿ ಸಾಮಾನು ಕೊಂಡು ಸಾಕಾಗಿತ್ತು. ಶೇ 66 ಜನ ಒಕ್ಕೂಟ ಬಿಡೋಣ ಎಂದರು, ಅದೇ ದಿನ ಅದನ್ನು ಬೆಂಬಲಿಸಿದ ಸರ್ಕಾರವನ್ನು ಮನೆಗೆ ಕಳಿಸಿದರು. ಬ್ರಿಟಿಷ್ ಸಂಸತ್ತು ಅರ್ಜಿಯನ್ನು ಕೈಗೆತ್ತಿಕೊಳ್ಳಲೂ ಇಲ್ಲ. ಗೆದ್ದ ಓಟು ಕಡತದಲ್ಲೇ ಉಳಿಯಿತು.

ಆದರೆ ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ್ದು ಸಿಲ್ಹೆಟ್. 1947ರ ಜುಲೈನಲ್ಲಿ ಅಸ್ಸಾಮಿನ ಆ ಜಿಲ್ಲೆ ಅಸ್ಸಾಮಿನಲ್ಲೇ ಉಳಿಯಬೇಕೋ, ಪಾಕಿಸ್ತಾನದ ಪಾಲಾಗುತ್ತಿದ್ದ ಪೂರ್ವ ಬಂಗಾಳ ಸೇರಬೇಕೋ ಎಂದು ಓಟು. 2,39,619 ಓಟು ಬಂಗಾಳದ ಕಡೆ, 1,84,041 ಅಸ್ಸಾಮಿನ ಕಡೆ. ಅಲ್ಲಿನ ಟೀ ತೋಟದ ಕೂಲಿಗಳಿಗೆ ಓಟು ಇರಲಿಲ್ಲ. ಬಿಹಾರ, ಒಡಿಶಾ ಕಡೆಯಿಂದ ತಂದು ಎರಡು ಮೂರು ತಲೆಮಾರಾಗಿದ್ದರೂ ಅವರು ‘ಇಲ್ಲಿಯವರಲ್ಲ’. ಅವರಿಗೆ ಓಟು ಕೊಟ್ಟಿದ್ದರೆ ಫಲಿತಾಂಶ ಬೇರೆ ಆಗುತ್ತಿತ್ತೇ ಅನ್ನೋ ವಾದ ಇವತ್ತಿಗೂ ನಿಂತಿಲ್ಲ.

ಕೊಡಗಿನಲ್ಲಿ ಓಟು ಇಟ್ಟರೂ ಮೊದಲ ಜಗಳ ಅಲ್ಲೇ. ಯಾರಿಗೆ ಓಟು? ಸ್ಕಾಟ್ಲೆಂಡ್‌ನ ನಿಯಮ ಹಿಡಿದರೆ ಅಲ್ಲಿ ವಾಸವಿದ್ದವರಿಗಷ್ಟೇ. ಲಂಡನ್‌ನಲ್ಲಿದ್ದ ಸ್ಕಾಟರಿಗೆ ಇರಲಿಲ್ಲ. ಹಾಗಾದರೆ ಬೆಂಗಳೂರಿನ ಕೊಡವರಿಗೆ ಇಲ್ಲ, ನಿಮ್ಮ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ತಮಿಳು ಮೇಸ್ತ್ರಿಗೆ ಇದೆ. ಅಸ್ಸಾಮಿನವರಲ್ಲಿ ಬಹುಪಾಲು ಜನರ ಹೆಸರು ಅವರೂರಿನ ಪಟ್ಟಿಯಲ್ಲೇ ಇರುತ್ತದೆ. ಇನ್ನು ಒಳಗಿನ ಲೆಕ್ಕ. ಶನಿವಾರಸಂತೆ ಕಡೆಯವರ ವ್ಯವಹಾರ ಹಾಸನದ ಜತೆ, ಕುಶಾಲನಗರದ್ದು ಮೈಸೂರಿನ ಜತೆ. ಅರೆಭಾಷೆ ಗೌಡರು, ಮಾಪಿಳ್ಳೆಗಳು, ಯರವರು, ಕುರುಬರು ಒಬ್ಬೊಬ್ಬರದೂ ಒಂದೊಂದು ಬೇಡಿಕೆ. ಕೆನಡಾದ ಕ್ವಿಬೆಕ್‌ನಲ್ಲಿ 1995ರಲ್ಲಿ ಹೀಗೇ ಆಯಿತು. ಕೆನಡಾ ಬಿಡಬೇಕೇ ಎಂಬ ಪ್ರಾಂತ್ಯದ ಓಟಿಗೆ ಆರು ದಿನ ಮೊದಲು ಅಲ್ಲಿನ ಕ್ರೀ ಮೂಲನಿವಾಸಿಗಳು ತಮ್ಮದೇ ಓಟು ನಡೆಸಿದರು. ‘ನೀವು ಹೋಗಿ, ನಮ್ಮನ್ನೂ ನಮ್ಮ ನೆಲವನ್ನೂ ಎಳೆದುಕೊಂಡು ಹೋಗಬೇಡಿ’ ಅಂದವರು ಶೇ 96. ಪ್ರಾಂತ್ಯದ ಓಟು ಶೇ 50.58ಕ್ಕೆ ‘ಬೇಡ’ ಎಂದು ಮುಗಿಯಿತು. ಸೋತ ಪ್ರಾಂತ್ಯದ ಮುಖ್ಯಮಂತ್ರಿ ಜಾಕ್ ಪಾರಿಜೊ ಅದೇ ರಾತ್ರಿ ‘ಹಣ ಮತ್ತು ಜನಾಂಗೀಯ ಓಟು’ ಎಂದು ಬೈದರು. ಮರುದಿನ ರಾಜೀನಾಮೆ ಘೋಷಿಸಿದರು. ಹಾಗಾಗಿ ಕೊಡಗಿನಲ್ಲಿ ‘ಬಿಡೋಣ’ ಸಲೀಸಾಗಿ ಗೆಲ್ಲುತ್ತೆ ಅನ್ನೋ ನಿಮ್ಮ ಸೋದರಳಿಯನ ಮಾತನ್ನು ನಾನು ಒಪ್ಪಲ್ಲ.

ನಿರ್ಣಯದ ವಿಷಯ. ನಿಮ್ಮ ಮುಂದೆ ದಾರಿಗಳಿವೆ, ಒಂದೊಂದಕ್ಕೂ ಬೆಲೆ ಇದೆ.

ಪ್ರತ್ಯೇಕ ರಾಜ್ಯ ಕೇಳಬಹುದು. ‘ಚಿಕ್ಕದು, ನಡೆಸೋಕಾಗಲ್ಲ’ ಅನ್ನೋ ಮಾತಿಗೆ ಹೆದರಬೇಡಿ. 2011ರಲ್ಲಿ ಸಿಕ್ಕಿಂ ಜನಸಂಖ್ಯೆ 6.1 ಲಕ್ಷ. ಎರಡೇ ಶಾಸಕರಿಂದ ಬೆಂಗಳೂರಿನಲ್ಲಿ ದನಿ ಕೇಳಿಸಲ್ಲ ಅನ್ನೋ ದೂರೂ ನ್ಯಾಯವಾದದ್ದೇ. ಆದರೆ ರಾಜ್ಯ ಸಿಕ್ಕರೂ ಅಸ್ಸಾಮಿನವರನ್ನು ತಡೆಯೋಕಾಗಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕು 19ನೇ ವಿಧಿಯದು. ಕಾಫಿ ದರವೂ ನಿಮ್ಮ ಕೈಗೆ ಬರಲ್ಲ. ರೊಬಸ್ಟಾ ದರ ಲಂಡನ್ ಮಾರುಕಟ್ಟೆ ನೋಡಿ ಏರಿಳಿಯುತ್ತದೆ, ಕಾಫಿ ಮಂಡಳಿ ಕೇಂದ್ರದ್ದು. 2018ರಂಥ ಭೂಕುಸಿತ ಬಂದಾಗ ದೊಡ್ಡ ರಾಜ್ಯದ ಖಜಾನೆ ಬೆನ್ನಿಗಿರೋದಿಲ್ಲ.

ಸ್ವಾಯತ್ತ ಮಂಡಳಿ ಕೇಳಬಹುದು. ಆರನೇ ಅನುಸೂಚಿ ಸದ್ಯ ಈಶಾನ್ಯದ ನಾಲ್ಕು ರಾಜ್ಯಗಳಿಗಷ್ಟೇ. ರಾಜ್ಯದ ಕಾನೂನಿನಲ್ಲೇ ಮಂಡಳಿ ಮಾಡಿದರೆ ಡಾರ್ಜಿಲಿಂಗ್‌ನ ಉದಾಹರಣೆ ಇದೆ. 1988ರಲ್ಲಿ ಗುಡ್ಡಗಾಡು ಮಂಡಳಿ, 2012ರಲ್ಲಿ ಇನ್ನೊಂದು. ಬೋರ್ಡು ಬದಲಾಯಿತು, ದುಡ್ಡಿಗೆ ಕೊಲ್ಕತ್ತಾದ ಕಡೆ ನೋಡುವುದು ತಪ್ಪಲಿಲ್ಲ. ಒಳಬರುವವರಿಗೆ ಪರವಾನಗಿ ಅನ್ನುವ ಇನ್ನರ್ ಲೈನ್ ಪದ್ಧತಿಯ ಮಾತೂ ಎದ್ದೀತು. ಅದು 1873ರ ಬ್ರಿಟಿಷ್ ಕಾಯ್ದೆ, ಈಗಿರೋದು ಈಶಾನ್ಯದ ಕೆಲವು ರಾಜ್ಯಗಳಲ್ಲಿ. ಇಲ್ಲಿ ತಂದರೆ ಮೊದಲು ನಿಲ್ಲೋದು ನಿಮ್ಮ ಕುಯ್ಲು, ಆಮೇಲೆ ಹೋಂಸ್ಟೇ.

ಆಳುಗಳ ನೋಂದಣಿ ಬಿಗಿ ಮಾಡಿ ಎಂದು ಕೇಳಬಹುದು. ಇದು ಸುಲಭ, ಅದಕ್ಕೇ ಎಲ್ಲರೂ ಮೊದಲು ಇದನ್ನೇ ಹೇಳುತ್ತಾರೆ. ಮೇಸ್ತ್ರಿಗೆ ಲೈಸೆನ್ಸ್, ಮುಂಗಡದ ಲೆಕ್ಕ, ಆಳಿನ ಹೆಸರು ವಿಳಾಸ ಬರೆದಿಡುವುದು ನ್ಯಾಯ. 21 ಚೀನೀ ಕಾರ್ಮಿಕರು ಮೋರ್ಕಾಂಬ್ ಕೊಲ್ಲಿಯಲ್ಲಿ ಚಿಪ್ಪು ಹೆಕ್ಕುತ್ತಾ ಮುಳುಗಿ ಸತ್ತ ಮೇಲೆ, 2004ರಲ್ಲಿ ಬ್ರಿಟನ್ ಕೂಡ ಮೇಸ್ತ್ರಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಕಾನೂನು ತಂದಿತು. ಆದರೆ ನೋಂದಣಿ ಅನ್ನೋದು ಬಂಗಾಳಿ ಮಾತಾಡಿದವರನ್ನೆಲ್ಲ ಬಾಂಗ್ಲಾದೇಶಿ ಎಂದು ಠಾಣೆಗೆ ಎಳೆಯೋದಕ್ಕೆ ತಿರುಗಿದರೆ ಆಳುಗಳು ವಯನಾಡಿಗೋ ಚಿಕ್ಕಮಗಳೂರಿಗೋ ಹೋಗುತ್ತಾರೆ. ಹಣ್ಣು ಗಿಡದಲ್ಲೇ ಒಣಗುತ್ತದೆ.

ಕೊನೆಯದು ಯಾಕೋ ನಿಮ್ಮ ಪತ್ರದಲ್ಲಿ ಬಂದೇ ಇಲ್ಲ. ಕೊಡಗಿನ ಮುಖ ಬದಲಿಸುತ್ತಿರುವುದು ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ಯುವವರೋ, ತೋಟ ಕೊಂಡು ಗುಡ್ಡ ಅಗೆದು ರೆಸಾರ್ಟ್ ಕಟ್ಟುವವರೋ? 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಭೂಮಿ ಕೊಳ್ಳಬಹುದು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಮನೆ ಬೆಲೆ ಏರಿಸಿದ್ದರಲ್ಲಿ ರಜೆ ಕಳೆಯಲು ಮನೆ ಕೊಳ್ಳುವ ಇಂಗ್ಲೆಂಡಿನ ಸಿರಿವಂತರ ಪಾಲು ದೊಡ್ಡದು. ಓಟಿನ ಚೀಟಿಯಲ್ಲಿ ಅವರ ಪ್ರಶ್ನೆಯೇ ಇರಲಿಲ್ಲ. ಶೇ 56.5 ಜನ ಐರೋಪ್ಯ ಒಕ್ಕೂಟ ಬಿಟ್ಟರು, ರಜೆ ಮನೆಗಳು ಅಲ್ಲೇ ಇವೆ. ಭೂ ಪರಿವರ್ತನೆಗೆ ಕಡಿವಾಣ ಕೇಳಿದರೆ ರಾಜ್ಯ ಒಡೆಯಬೇಕಿಲ್ಲ. ಅಪಾಯ ಒಂದೇ: ತೋಟ ಮಾರಬೇಕೆಂದಿರುವ ನಿಮ್ಮ ಸಭೆಯ ಸದಸ್ಯರೇ ವಿರೋಧಿಸುತ್ತಾರೆ.

ನಾನಾಗಿದ್ದರೆ ಈ ನಿರ್ಣಯಕ್ಕೆ ಈಗಲೇ ಕೈ ಎತ್ತುವುದಿಲ್ಲ, ವಿರೋಧವನ್ನೂ ಮಾಡುವುದಿಲ್ಲ. ಅದನ್ನು ಎರಡಾಗಿ ಒಡೆಯಿರಿ ಎಂದು ತಿದ್ದುಪಡಿ ಕೊಡುತ್ತೇನೆ. ಅಧಿಕಾರ ಯಾರ ಕೈಯಲ್ಲಿರಬೇಕು ಅನ್ನೋದು ಒಂದು ನಿರ್ಣಯ, ಹೊರಗಿನ ಆಳುಗಳ ವಿಷಯ ಇನ್ನೊಂದು. ಎರಡಕ್ಕೂ ಬೇರೆ ಬೇರೆ ಓಟು ಹಾಕಿಸಿ, ಸಭೆಯ ಪುಸ್ತಕದಲ್ಲಿ ಎರಡೂ ಲೆಕ್ಕ ಬರೆಸಿ. ಲೈನ್ ಮನೆಯ ಒಬ್ಬಿಬ್ಬರು ಮೇಸ್ತ್ರಿಗಳನ್ನೂ ಸಭೆಗೆ ಕರೆಯಿರಿ. ಕರೆಯೋಣ ಅಂದಾಗ ಯಾರು ಬೇಡ ಅನ್ನುತ್ತಾರೆ ನೋಡಿಕೊಳ್ಳಿ, ಬಾಸ್ಟನ್ ಬಗ್ಗೆ ನಾನು ಬರೆದದ್ದನ್ನು ಅವರಿಗೇ ಮೊದಲು ಓದಲು ಕೊಡಿ.